ಹೆಬ್ಬೆರಳು ಬಿಟ್ಟ ದಿನ

ನಮ್ಮೂರ ಶಾಲೆಗೆ ಹೊಸದಾಗಿ ಬಂದಿದ್ದ ಮೇಷ್ಟ್ರೊಬ್ಬರು ನನಗೆ ಅಕ್ಷರ ತಿದ್ದಿಸಲೆಂದು ನನ್ನ ಬಲಗೈಯನ್ನು ಹೆಬ್ಬೆರಳ ಸಮೇತ ತಮ್ಮ ಮುಷ್ಟಿಯಲ್ಲಿ ಹಿಡಿದುಕೊಂಡರು. ನಾನು ಎಡಗೈಯಿಂದ ಚಡ್ಡಿ ಜೇಬಿನಲ್ಲಿದ್ದ ಹಸಿಮೆಣಸಿನಕಾಯಿ ತೆಗೆದು ಕಚಕ್ಕನೆ ಕಡಿದೆ. ನನಗೆ ಎಳೆಸೌತೆಕಾಯಿ ತಿಂದಂತಾಯಿತು. ಮೇಷ್ಟ್ರು ಮಾತ್ರ ನಾಲಿಗೆ ಹೊರಗೆ ಹಾಕಿಕೊಂಡು ನೀರಿನ ಕೊಳಗದ ಕಡೆಗೆ ಓಡಿದರು. ಅವರು ಕೈ ಬಿಟ್ಟ ಕೂಡಲೇ ಉಳಿದ ಉರಿಯೆಲ್ಲ ನನಗೇ ಬಂತು, ಅದು ಬೇರೆ ಮಾತು. ಬೇರೆ ಊರಿನವರಾದ್ದರಿಂದ ಅವರಿಗೆ ನಮ್ಮೂರಿನ ಬೆರಳಿನ ಸಮಾಚಾರ, ಅಂದರೆ ಹೆಬ್ಬೆರಳು ಹಿಡಿದವರಿಗೇ ನೋವು ಹೋಗುತ್ತದೆ ಎನ್ನುವುದು, ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅವರೂ ಹಿಡಿಯಲಿಲ್ಲ, ಊರಿನ ಇನ್ಯಾರೂ ತಾವಾಗಿ ಹಿಡಿಯಲಿಲ್ಲ. ಆಮೇಲೆ ನನಗೆ ಕಿವಿ ಸೋರಿತು, ಸೈಕಲ್ ಮೇಲಿಂದ ಬಿದ್ದು ಮೊಣಕೈ ಕಿತ್ತುಬಂತು, ಬುದ್ಧಿಹಲ್ಲು ಕೀಳಿಸಿದ್ದಾಯಿತು. ಅಷ್ಟಕ್ಕೂ ಒಬ್ಬನೇ ಕೂತು ಅತ್ತವನು ನಾನು. "ಕೊಟ್ರನ ಬೆರಳಾ? ಬ್ಯಾಡಪ್ಪ, ಬಾಯೊಳಗೆ ಏನಿಟ್ಕೊಂಡಿರ್ತಾನೋ" ಎಂದು ಹೆತ್ತ ತಾಯಿಯೇ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದಳು.

ನಮ್ಮದು ಮಂಡಕ್ಕಿ ಭಟ್ಟಿಗಳ ಊರು. ಬೆಳಿಗ್ಗೆಯಿಂದಲೇ ಬೀದಿಬೀದಿಯಲ್ಲಿ ಕಾದ ಮರಳಿನೊಳಗೆ ಅಕ್ಕಿ ಚಟಪಟ ಅನ್ನುತ್ತಿರುತ್ತದೆ. ಭಟ್ಟಿ ಮುಂದೆ ನಿಂತ ಗಂಡಸರ ಅಂಗೈ ಸುಟ್ಟುಕೊಳ್ಳುವುದು ತಪ್ಪಿದ್ದಲ್ಲ. ಮಧ್ಯಾಹ್ನ ಬುತ್ತಿ ತಂದ ಹೆಂಡತಿ, "ಕೊಡ್ರಿ ಇಲ್ಲಿ, ಉಣ್ಣೋತನಕ ನಾ ಹಿಡ್ಕಂತೀನಿ" ಎಂದು ಗಂಡನ ಹೆಬ್ಬೆರಳು ಹಿಡಿದು ಕೂರುತ್ತಾಳೆ. ಗಂಡ ನಿಶ್ಚಿಂತೆಯಿಂದ ಮುದ್ದೆ ನುಂಗುತ್ತಾನೆ. ಹೆಂಡತಿ ತುಟಿ ಕಚ್ಚಿಕೊಂಡು ಬೀದಿ ನೋಡುತ್ತಾಳೆ. ಹೆರಿಗೆಯಾಗುವಾಗ ಗಂಡ ಹಿಡಿಯುತ್ತಾನೆ. ಆಗ ಅವನು ಕೂಗುವ ಕೂಗಿಗೆ ನಾಲ್ಕು ಬೀದಿಯ ನಾಯಿಗಳು ಎದ್ದು ನಿಲ್ಲುತ್ತವೆ. ಎದೆಯೊಳಗಿನ ನೋವು ಮಾತ್ರ ಹೆಬ್ಬೆರಳಿಗೆ ಇಳಿಯುವುದಿಲ್ಲ. ಅದನ್ನು ನಾನೇ ಪರೀಕ್ಷೆ ಮಾಡಿ ನೋಡಿದ್ದೇನೆ. ಹಿಟ್ಟಿನ ಗಿರಣಿಯ ಹುಡುಗಿ ನನ್ನನ್ನು ಬೇಡ ಅಂದ ದಿನ ಗೆಳೆಯನೊಬ್ಬನನ್ನು ಕಾಡಿಬೇಡಿ ಬೆರಳು ಹಿಡಿಸಿದೆ. ಅವನು ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಕೂತು, "ಏನೂ ಇಲ್ವಲ್ಲೋ, ಗ್ಯಾಸ್ ಅನ್ಸುತ್ತೆ" ಅಂದ.

ಇನ್ನು ಮಕ್ಕಳು. ಮಗುವಿನ ಮೊದಲ ಹಾಲುಹಲ್ಲು ಬೀಳುವವರೆಗೂ ಅದರ ಹೆಬ್ಬೆರಳು ಯಾರದಾದರೂ ಕೈಯಲ್ಲಿ ಇರಲೇಬೇಕು. ಅದು ನಮ್ಮೂರ ಪದ್ಧತಿ. ಹಲ್ಲು ಬಿದ್ದ ದಿನ ಹೋಳಿಗೆ ಮಾಡಿ, ನೆರೆಯವರನ್ನು ಕರೆದು, ಎಲ್ಲರ ಮುಂದೆ ಬೆರಳು ಬಿಡುತ್ತಾರೆ. ಅಲ್ಲಿಯವರೆಗೆ ಮಗು ಎಡವಿದರೆ ಕುಂಟುವವಳು ತಾಯಿ. ಮಗುವಿಗೆ ಇರುವೆ ಕಚ್ಚಿದರೆ ಪಾದ ಕೆರೆದುಕೊಳ್ಳುವವನು ಅಪ್ಪ. ನಮ್ಮ ಬೀದಿಯಲ್ಲಿ ನಿಂತು ನೋಡಿದರೆ ದೊಡ್ಡವರೆಲ್ಲ ಒಂದು ಪಕ್ಕಕ್ಕೆ ವಾಲಿಕೊಂಡೇ ನಡೆಯುತ್ತಾರೆ, ಮಕ್ಕಳು ಮಾತ್ರ ಸಿನಿಮಾ ಹೀರೋಗಳ ಹಾಗೆ ಬಿದ್ದು, ಎದ್ದು, ಧೂಳು ಕೊಡವಿಕೊಂಡು ನಗುತ್ತವೆ.

ನನ್ನ ಅಕ್ಕ ಗೌರಕ್ಕನ ಮಗಳು ಸಿಂಚು ಅಂಥದ್ದೇ ಒಂದು ಹೀರೋ. ನಾಲ್ಕು ವರ್ಷದ ಪೋರಿ. ಹಲ್ಲು ಇನ್ನೂ ಅಲ್ಲಾಡಿರಲಿಲ್ಲ. ಅವಳ ಬೆರಳು ಹಿಡಿದೂ ಹಿಡಿದೂ ಅಕ್ಕನ ಮೈಯಲ್ಲಿ ನೋವಾಗದ ಜಾಗವೇ ಇರಲಿಲ್ಲ. ಕೇಳಿದರೆ, "ಅದಕ್ಕೇ ತಾನೆ ತಾಯಿ ಇರೋದು" ಅನ್ನುತ್ತಿದ್ದಳು. ನನ್ನ ಕೆಲಸ ಮೈಕಿನದು. ಊರ ಟಾಕೀಸಿಗೆ ಹೊಸ ಸಿನಿಮಾ ಬಂದಾಗ ಆಟೋದಲ್ಲಿ ಕೂತು ಕೂಗುತ್ತ ಹೋಗುತ್ತೇನೆ. ಅಣೆಕಟ್ಟು ಒಡೆದಂತೆ ಡೈಲಾಗ್ ಹೊಡೆಯಬಲ್ಲೆ. ಸಿನಿಮಾ ಇಲ್ಲದ ದಿನ ಸಂತೆ ಸುದ್ದಿ, ಕರೆಂಟ್ ಹೋಗುವ ಸುದ್ದಿ, ಕಳೆದುಹೋದ ಎಮ್ಮೆಯ ಸುದ್ದಿ, ಎಲ್ಲದಕ್ಕೂ ನನ್ನದೇ ಗಂಟಲು.

ಶಾಹಿದಾ ಸಿಸ್ಟರ್ ನಮ್ಮೂರಿಗೆ ಬಂದದ್ದು ಗಂಟಲುಮಾರಿ ಲಸಿಕೆ ತೆಗೆದುಕೊಂಡು. ಪಕ್ಕದ ಊರುಗಳಲ್ಲಿ ಆ ಕಾಯಿಲೆ ಸುಳಿದಾಡುತ್ತಿತ್ತು. ಕ್ಯಾಂಪಿನ ಸುದ್ದಿಯನ್ನು ನಾನು ಊರೆಲ್ಲ ಸಾರಿದೆ. "ಸೂಜಿ ಸಣ್ಣದು, ಆದ್ರೆ ಸೈಲೆಂಟಾಗಿ ಬರಲ್ಲ. ಬರ್ತಾ ಇದೆ, ಶಾಲೆ ಬಯಲಿಗೆ." ಜನ ನಕ್ಕರು, ಬಂದರು. ಬರದೆ ಏನು, ಸೂಜಿಗೆ ನಮ್ಮೂರಲ್ಲಿ ಯಾರು ಹೆದರುತ್ತಾರೆ? ಅಪ್ಪ ಅಮ್ಮಂದಿರು ಮಕ್ಕಳ ಹೆಬ್ಬೆರಳು ಹಿಡಿದುಕೊಂಡೇ ಸಾಲಾಗಿ ನಿಂತರು. ಸಿಸ್ಟರ್ ಮಗುವಿನ ತೋಳಿಗೆ ಚುಚ್ಚುವರು, ಮಗು ಬೇವಿನ ಮರದ ಅಳಿಲು ನೋಡುತ್ತಿರುವುದು, ಅಪ್ಪ "ಸ್ಸ್" ಅನ್ನುವನು. ಒಂದು ಮಗುವೂ ಅಳಲಿಲ್ಲ. ಸಿಂಚು ಅಂತೂ ಇನ್ನೊಂದು ತೋಳನ್ನೂ ಮುಂದೆ ಮಾಡಿದಳು. ಸಿಸ್ಟರ್ ಸೂಜಿ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟರು. "ಇಷ್ಟು ವರ್ಷದಾಗೆ ಇಂಥಾ ಊರು ನೋಡಿಲ್ಲ ನಾನು. ಮಕ್ಕಳು ನಗ್ತಾ ಸೂಜಿ ಹಾಕಿಸ್ಕೊಳ್ಳೋದು ಅಂದ್ರೆ" ಎಂದು ಕಣ್ಣೊರೆಸಿಕೊಂಡರು. ನಮಗೆಲ್ಲ ಅವತ್ತು ಹೆಮ್ಮೆಯೋ ಹೆಮ್ಮೆ. ಅವತ್ತು ಸಂಜೆ ಊರ ಅಮ್ಮಂದಿರ ತೋಳೆಲ್ಲ ಊದಿಕೊಂಡಿತ್ತು, ಜ್ವರ ಬಂದಿತ್ತು. ಮಕ್ಕಳು ಕುಣಿಯುತ್ತಿದ್ದವು. ಅಮ್ಮಂದಿರು ಆ ಜ್ವರವನ್ನು ಪದಕದಂತೆ ಹಣೆಯ ಮೇಲೆ ಇಟ್ಟುಕೊಂಡು ಮಲಗಿದ್ದರು.

ಆಮೇಲೆ ಚೇತುಗೆ ಕಾಯಿಲೆ ಬಂತು. ಚೇತು ಅಕ್ಕನ ಪಕ್ಕದ ಮನೆಯ ಹುಡುಗ, ಸಿಂಚುವಿನ ಜೊತೆಗಾರ. ಅವನಿಗೆ ಗಂಟಲುಮಾರಿ ಬಂದದ್ದು ಮೊದಲು ಯಾರಿಗೂ ತಿಳಿಯಲೇ ಇಲ್ಲ. ಯಾಕೆಂದರೆ ಅವನು ಜಗಲಿ ಮೇಲೆ ಗೋಲಿ ಆಡುತ್ತ ಕೂತಿದ್ದ. ಗಂಟಲು ಹಿಡಿದುಕೊಂಡು ಎಂಜಲು ನುಂಗಲಾಗದೆ ಒದ್ದಾಡುತ್ತಿದ್ದವಳು ಅವನ ಬೆರಳು ಹಿಡಿದಿದ್ದ ಅವನವ್ವ ಕಮಲಕ್ಕ. ಎಲ್ಲರೂ ಕಮಲಕ್ಕನಿಗೇ ಕಷಾಯ ಕುಡಿಸಿದರು, ಕಮಲಕ್ಕನ ಕುತ್ತಿಗೆಗೇ ಬಿಸಿನೀರಿನ ಬಟ್ಟೆ ಕಟ್ಟಿದರು. ಸಂಜೆ ಹೊತ್ತಿಗೆ ಚೇತು ಗೋಲಿ ಗುರಿಯಿಡುತ್ತಿದ್ದವನು ಹಾಗೆಯೇ ಪಕ್ಕಕ್ಕೆ ಒರಗಿದ. ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮುಖದಲ್ಲಿ ಮಾತ್ರ ಆಟದ ನಗು ಹಾಗೆಯೇ ಇತ್ತು. ನನ್ನ ಮೈಕಿನ ಆಟೋದಲ್ಲೇ ಅವನನ್ನು ದೊಡ್ಡಾಸ್ಪತ್ರೆಗೆ ಸಾಗಿಸಿದೆವು. ಗಂಟಲಿಗೆ ತೂತು ಮಾಡಿ ಉಸಿರು ಬರಿಸಿದರು. ಹುಡುಗ ಉಳಿದ. ನಾವು ನೋವನ್ನು ಹಿಡಿಯಬಲ್ಲೆವು, ಕಾಯಿಲೆಯನ್ನು ಹಿಡಿಯಲಾರೆವು ಎನ್ನುವುದು ಅವತ್ತು ಊರಿಗೇ ತಿಳಿಯಿತು.

"ಸೂಜಿ ಹಾಕ್ಸಿದ್ರೂ ಬಂತಲ್ಲ" ಎಂದು ಊರು ಸಿಟ್ಟಾಯಿತು. ಶಾಹಿದಾ ಸಿಸ್ಟರ್ ಮತ್ತೆ ಬಂದಾಗ ಶಾಲೆ ಬಯಲಲ್ಲಿ ಎಲ್ಲರೂ ಮುತ್ತಿಕೊಂಡರು. ಮಂಡಕ್ಕಿ ರುದ್ರಣ್ಣ ಕೈ ಬೀಸುತ್ತ ಎದ್ದ. "ಏನ್ ಸಿಸ್ಟರ್, ನೀರ್ ಚುಚ್ಚಿ ಹೋದ್ರಾ?"

ಸಿಸ್ಟರ್ ಕೋಪ ಮಾಡಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ನಮ್ಮ ಕೈಗಳನ್ನೇ ನೋಡುತ್ತಿದ್ದರು. ಮಾತಾಡುವಾಗಲೂ ಪ್ರತಿಯೊಬ್ಬ ತಾಯಿಯ ಮುಷ್ಟಿಯಲ್ಲಿ ಒಂದೊಂದು ಪುಟ್ಟ ಹೆಬ್ಬೆರಳು ಇತ್ತು. "ಒಂದು ಮಾತು ಹೇಳ್ರಿ. ಅವತ್ತು ಸೂಜಿ ಆದ್ಮೇಲೆ ಜ್ವರ ಯಾರಿಗೆ ಬಂತು?"

ಅಮ್ಮಂದಿರು ಒಬ್ಬೊಬ್ಬರಾಗಿ ಕೈ ಎತ್ತಿದರು. ಬಯಲಿಡೀ ಕೈ.

"ಮಕ್ಕಳಲ್ಲಿ ಯಾರಿಗಾದ್ರೂ ಬಂತಾ?"

ಒಂದೂ ಕೈ ಏಳಲಿಲ್ಲ. ಸಿಸ್ಟರ್ ಎರಡು ಕೈಯಿಂದಲೂ ತಲೆ ಹಿಡಿದುಕೊಂಡರು. "ತಪ್ಪು ನಂದೂ ಐತೆ. ಮಕ್ಕಳು ನಗ್ತಾವೆ ಅಂತ ನಾನೂ ಮೈಮರೆತೆ. ಅಮ್ಮಾ, ಆ ನೋವು, ಆ ಜ್ವರ ಅಂದ್ರೆ ಮೈ ಪಾಠ ಕಲೀತಾ ಇರೋದು. ನಿಮ್ಮೂರಲ್ಲಿ ಬೆರಳು ಹಿಡಿದವರ ಕಡೆಗೆ ಪಾಠವೂ ಹೋಗಿಬಿಡ್ತದೆ. ಮಕ್ಕಳ ಬದಲು ನೀವು ಕಲ್ತಿದ್ದೀರಿ. ಮಕ್ಕಳು ಹಂಗೇ ಅದಾವೆ, ಬರೀ ಮೈಯಾಗೆ."

ಎಲ್ಲೋ ಒಂದು ಭಟ್ಟಿಯಲ್ಲಿ ಅಕ್ಕಿ ಸಿಡಿಯುವುದು ಕೇಳಿಸುತ್ತಿತ್ತು. ಸಿಸ್ಟರ್ ಇನ್ನೊಂದು ಮಾತು ಹೇಳಿದರು. "ಇನ್ನೊಂದ್ ಸಲ ಹಾಕ್ಬೇಕು. ಈ ಸಲ ಬೆರಳು ಬಿಡಬೇಕು. ಜ್ವರ ಬಿಡೋವರೆಗೂ ಮುಟ್ಟಂಗಿಲ್ಲ."

ಬಂದವರೆಲ್ಲ ಎದ್ದು ಮನೆಗೆ ಹೋದರು. ಒಬ್ಬರೂ ಹ್ಞೂಂ ಅನ್ನಲಿಲ್ಲ. ಸೂಜಿಗೆ ಹೆದರದ ಊರು ಬೆರಳು ಬಿಡುವುದಕ್ಕೆ ಹೆದರಿತ್ತು. ಸಿಸ್ಟರ್ ನನ್ನನ್ನು ಕರೆದು, ಸುದ್ದಿ ಸಾರಬೇಕು ಅಂದರು. ನಾನು ಆಟೋ ಹತ್ತಿ ಮೈಕಿಗೆ ಬಾಯಿಟ್ಟೆ. "ಹೆಬ್ಬೆರಳು ಹಿಡಿಯೋಕೆ ಹತ್ತು ಜನ ಬರ್ತಾರೆ. ಬಿಡೋಕೆ ಗುಂಡಿಗೆ ಬೇಕು." ಯಾವ ಸಿನಿಮಾದ್ದೂ ಅಲ್ಲ, ನನ್ನ ಸ್ವಂತದ್ದು. ಟಾಕೀಸಾಗಿದ್ದರೆ ಶಿಳ್ಳೆ ಬೀಳುತ್ತಿತ್ತು. ನಮ್ಮೂರಲ್ಲಿ ಒಂದೊಂದೇ ಬಾಗಿಲು ಮುಚ್ಚಿಕೊಂಡವು. ಒಂದು ಮನೆಯ ಕಿಟಕಿಯಿಂದ ಯಾರೋ ಹೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿತು. "ಮಕ್ಳಿಲ್ದೋನಿಗೆ ಮೈಕ್ ಕೊಟ್ರೆ ಹಿಂಗೇ."

ಅಕ್ಕನ ಮನೆಯಲ್ಲಿ ಅಡುಗೆ ಒಲೆಗಿಂತ ಮಾತೇ ಬಿಸಿಯಾಗಿತ್ತು. ಭಾವ ಹಾಲೇಶ ಭಟ್ಟಿಯಿಂದ ಬಂದವನು ಇನ್ನೂ ಕೈ ತೊಳೆದಿರಲಿಲ್ಲ. "ಚೇತು ಆಸ್ಪತ್ರೆಯಿಂದ ಬಂದಾನೆ, ನೋಡ್ದಲ್ಲ ಗೌರಿ. ಗಂಟಲಾಗೆ ತೂತು. ಸಿಂಚು ಅವನ ಎಂಜಲು ಬಿಸ್ಕತ್ತು ತಿಂದೋಳು. ನಾಳೆ ಹಾಕ್ಸಾಣ."

ಭಾವನ ತಾಯಿ ನಿಂಗಜ್ಜಿ ಗೋಡೆಗೆ ಒರಗಿ ಎಲೆ ಮಡಚುತ್ತಿದ್ದಳು. "ಈ ಮನೇಲಿ ಹಲ್ಲು ಬೀಳೋಕೆ ಮುಂಚೆ ಯಾವ ಮಗೂನೂ ನೋವಿಗೆ ಅತ್ತಿಲ್ಲ ಕಣಪ್ಪ. ನೀನೂ ಅತ್ತಿಲ್ಲ. ನಿನ್ನ ಕಾಲು ಕುದಿಯೋ ಸಾರಾಗೆ ಬಿದ್ದಾಗ ನಾ ಆರು ತಿಂಗಳು ಬೆರಳು ಬಿಡ್ಲಿಲ್ಲ. ಇವತ್ತಿಗೂ ಮಳೆಗಾಲ ಬಂದ್ರೆ ನನ್ನ ಕಾಲು ಉರೀತದೆ. ಹೇಳಿದ್ನಾ ನಿಂಗೆ ಒಂದ್ ದಿನ?"

ಭಾವ ಕೂತಲ್ಲಿಂದ ಎದ್ದು ಹೋಗಿ ಅಜ್ಜಿಯ ಪಾದ ಮುಟ್ಟಿ ಬಂದು ಕೂತ. ಆ ವಿಷಯ ಅವನಿಗೂ ಅವತ್ತೇ ಗೊತ್ತಾದದ್ದು.

ಅಕ್ಕ ಹಿತ್ತಲಿಗೆ ಹೋದಳು. ನಾನೂ ಹಿಂದೆ ಹೋದೆ. ಸಿಂಚು ಅವಳ ಎಡಗೈಗೆ ಜೋತುಬಿದ್ದು ಬಕೆಟ್ಟಿನೊಳಗೆ ಇಣುಕುತ್ತಿದ್ದಳು.

"ಅಕ್ಕ, ಕ್ಲೈಮ್ಯಾಕ್ಸ್ ಬಂದೈತೆ. ಡಿಸಿಷನ್ ನಿಂದು" ಅಂದೆ.

"ಬಾಯಿ ಮುಚ್ಚಲೇ." ಆಮೇಲೆ ದನಿ ಇಳಿಸಿದಳು. "ಹಾಕ್ಸಬೇಕು ಅಂತ ನನಗೂ ಗೊತ್ತು ಕಣೋ. ಕಮಲಕ್ಕನ್ನ ನೋಡಿದ್ಮೇಲೆ ಗೊತ್ತಿಲ್ದೆ ಇರುತ್ತಾ? ನಂಗೆ ಹೆದ್ರಿಕೆ ಸೂಜಿದಲ್ಲ. ಈ ಕೈದು." ತನ್ನ ಬಲಗೈಯನ್ನು ಯಾರದೋ ಎಂಬಂತೆ ನೋಡಿದಳು. "ಅವಳು ಮುಖ ಹಿಂಡಿದ್ರೆ ಸಾಕು, ಇದು ತಾನಾಗೇ ಹೋಗಿ ಹಿಡಿಯುತ್ತೆ. ನಿದ್ದೇಲೂ ಹಿಡಿಯುತ್ತೆ. ನಾಲ್ಕು ವರ್ಷ ಇದಕ್ಕೆ ಬ್ಯಾರೆ ಕೆಲಸಾನೇ ಗೊತ್ತಿಲ್ಲ. ನನ್ನ ತಡೀರಿ ಅಂತ ಇವ್ರಿಗೆ ಹೇಳಿದ್ರೆ, ಇವ್ರೇ ನನಗಿಂತ ಮೊದ್ಲು ಬೆರಳು ಹಿಡಿಯೋಕೆ ಓಡ್ತಾರೆ. ನಾ ಹಿಡಿದುಬಿಟ್ರೆ ಮದ್ದು ಮತ್ತೆ ನನಗೇ ಬರುತ್ತೆ. ಮಗು ಮತ್ತೆ ಬರೀ ಮೈಯಾಗೆ."

ನಾನು ಹುಟ್ಟಿದಾಗಿನಿಂದ ಒಂದೇ ಒಂದು ಉಪಯೋಗದ ಮಾತಾಡಿದ್ದರೆ ಅದು ಆಗ ಆಡಿದ್ದು. "ಆ ಕೈಗೆ ಬ್ಯಾರೆ ಬೆರಳು ಕೊಡಾಣ. ನನ್ನದು ಹಿಡ್ಕೊ. ನಾನು ಮೆಣಸಿನಕಾಯಿ ಕಡೀತೀನಿ."

ಅಕ್ಕ ನನ್ನನ್ನೇ ದಿಟ್ಟಿಸಿದಳು. ಬೈಯುತ್ತಾಳೆ ಅಂದುಕೊಂಡೆ. "ಯಾವ ಮೆಣಸಿನಕಾಯಿ?" ಅಂದಳು.

"ಬಜ್ಜೀದಲ್ಲ. ಗಿಡ್ಡಂದು."

"ಒಂದ್ ಸೇರು ತಾ" ಅಂದಳು.

ಮರುದಿನ ಬಯಲಿಗೆ ಜನವೇನೋ ಬಂದಿದ್ದರು. ಆದರೆ ಬೇಲಿಯ ಆಚೆ ನಿಂತಿದ್ದರು. ಮೇಜಿನ ಮುಂದೆ ಯಾರೂ ಇರಲಿಲ್ಲ. ಶಾಹಿದಾ ಸಿಸ್ಟರ್ ಐಸ್ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಒಬ್ಬರೇ ಕೂತಿದ್ದರು. ಅಕ್ಕ ಬೇಲಿ ದಾಟಿದಳು. ಎಡಗೈಯಲ್ಲಿ ಸಿಂಚು, ಬಲಗೈಯಲ್ಲಿ ನಾನು, ನನ್ನ ಕಂಕುಳಲ್ಲಿ ಮೆಣಸಿನಕಾಯಿ ಚೀಲ. ಹೀರೋ ಎಂಟ್ರಿ ಅಂದರೆ ಹಿಂದೆ ಗಾಳಿ ಬೀಸಬೇಕು, ಎಲೆ ಹಾರಬೇಕು. ಏನೂ ಆಗಲಿಲ್ಲ. ಬಯಲ ಮಧ್ಯೆ ನಮ್ಮ ಚಪ್ಪಲಿ ಸದ್ದು ಮಾತ್ರ.

ಸ್ಟೂಲಿನ ಮೇಲೆ ಸಿಂಚುವನ್ನು ಕೂರಿಸಿ ಅಕ್ಕ ಅವಳಿಗೆ ಹೇಳಿದಳು. "ಅವ್ವ ಇಲ್ಲೇ ನಿಂತಿರ್ತೀನಿ ಚಿನ್ನ. ಕೈ ಹಿಡಿಯಲ್ಲ. ಸ್ವಲ್ಪ ನೋಯುತ್ತೆ."

"ನೋಯುತ್ತೆ ಅಂದ್ರೆ?" ಎಂದು ಸಿಂಚು ಕೇಳಿದಳು.

ಸಿಸ್ಟರ್ ಹತ್ತಿ ಒದ್ದೆ ಮಾಡಿದರು. ಅಕ್ಕ ಎಡಗೈ ಬಿಡಿಸಿಕೊಂಡಳು. ಎರಡು ಹೆಜ್ಜೆ ಹಿಂದೆ ಬಂದು ಎರಡೂ ಕೈಯಿಂದ ನನ್ನ ಹೆಬ್ಬೆರಳನ್ನು ಹಿಡಿದಳು. ಮೇಷ್ಟ್ರ ಕಾಲದಿಂದ ಒಬ್ಬರೂ ತಾವಾಗಿ ಮುಟ್ಟದ ಬೆರಳು ಅದು. ನಾನು ಒಂದೇ ಸಲಕ್ಕೆ ನಾಲ್ಕು ಕಾಯಿ ಬಾಯಿಗೆ ಹಾಕಿಕೊಂಡು ಅಗಿದೆ.

ಅಕ್ಕನ ಮುಖ ಕೆಂಪಾಯಿತು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯಿತು. ಬಾಯಿ ತೆರೆದು ಉಸಿರೆಳೆದಳು. ಅದೇ ಹೊತ್ತಿಗೆ ಸೂಜಿ ಇಳಿಯಿತು.

ಸಿಂಚು ಮೊದಲು ತೋಳನ್ನು ನೋಡಿಕೊಂಡಳು. ಅಲ್ಲಿಗೆ ಯಾರೋ ಹೊಸಬರು ಬಂದಿದ್ದಾರೆ, ಇವರು ಯಾರು, ಒಳಗೆ ಬಿಡಬೇಕೋ ಬೇಡವೋ ಎನ್ನುವ ಹಾಗೆ ನೋಡಿದಳು. ಕೆಳತುಟಿ ಮೆಲ್ಲನೆ ಹೊರಗೆ ಬಂತು. ಆಮೇಲೆ ಅತ್ತಳು. ನಮ್ಮೂರಲ್ಲಿ ಹಸಿವಿಗೆ ಅಳುವ ಮಕ್ಕಳಿದ್ದಾರೆ, ಹಟಕ್ಕೆ ಅಳುವವರಿದ್ದಾರೆ. ಆದರೆ ಈ ಅಳು ನಾವು ಕೇಳಿದ್ದಲ್ಲ. ಅದು ಅವಳ ಹೊಟ್ಟೆಯ ತಳದಿಂದ ಎದ್ದು, ಎದೆ ದಾಟಿ, ಅವಳಿಗೇ ಗೊತ್ತಿಲ್ಲದ ಅವಳದೊಂದು ದನಿಯಾಗಿ ಹೊರಬಂದಿತ್ತು. ಬೇಲಿಯಾಚೆ ಗಂಡಸರು ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಯಾಕೆ ತೆಗೆದರೋ ಅವರಿಗೂ ಗೊತ್ತಿರಲಿಕ್ಕಿಲ್ಲ. ನಿಂಗಜ್ಜಿ ಎಲೆ ಅಗಿಯುವುದನ್ನು ನಿಲ್ಲಿಸಿದ್ದಳು. ಭಾವ ಎರಡೂ ಕೈಯಿಂದ ಬೇಲಿಯ ಗೂಟ ತಬ್ಬಿಕೊಂಡಿದ್ದ. ಸಾವಿರ ಸಿನಿಮಾದ ಸಾವಿರ ಹಿನ್ನೆಲೆ ಸಂಗೀತ ನನ್ನ ತಲೆಯಲ್ಲಿದೆ. ಆ ಹೊತ್ತಿಗೆ ಹೊಂದುವುದು ಒಂದೂ ಸಿಗಲಿಲ್ಲ.

ಅಕ್ಕನ ಕೈ ನನ್ನ ಬೆರಳನ್ನು ಹಿಂಡುತ್ತಿತ್ತು. ಒಂದು ಕೈ ಸಡಿಲವಾಗಿ ಗಾಳಿಯಲ್ಲಿ ಸಿಂಚುವಿನ ಕಡೆಗೆ ಚಾಚಿತು. ನಾನು ಇನ್ನೂ ಮೂರು ಕಾಯಿ ಕಡಿದೆ. ಕೈ ಮತ್ತೆ ಬಂದು ನನ್ನ ಬೆರಳಿಗೆ ಅಂಟಿಕೊಂಡಿತು. "ಅಗಿಯೋ, ಅಗಿಯೋ ನಿಲ್ಲಿಸ್ಬ್ಯಾಡ" ಎಂದು ಪಿಸುಗುಟ್ಟಿದಳು. ಅವಳ ಕಣ್ಣೀರಿನಲ್ಲಿ ಮೆಣಸಿನಕಾಯಿಯದು ಎಷ್ಟು, ಮಗಳದು ಎಷ್ಟು ಎಂದು ನಾನು ಹೇಳಲಾರೆ. ಮಗಳದು ನನ್ನ ಬೆರಳಿನ ವ್ಯವಹಾರವೂ ಅಲ್ಲ.

ಸ್ವಲ್ಪ ಹೊತ್ತಿಗೆ ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ನಿಂತಿತು. ಸಿಂಚು ಸ್ಟೂಲಿನಿಂದ ತಾನೇ ಇಳಿದಳು. ನಮ್ಮೂರಲ್ಲಿ ಅವಳ ವಯಸ್ಸಿನ ಮಗು ಎರಡೂ ಕೈ ಖಾಲಿ ಬಿಟ್ಟುಕೊಂಡು ನಡೆದದ್ದನ್ನು ಅವತ್ತೇ ನೋಡಿದ್ದು.

ಕಮಲಕ್ಕ ಮೊದಲು ಬೇಲಿ ದಾಟಿದಳು, ಚೇತುವಿನ ಬೆನ್ನಿಗೆ ಹುಟ್ಟಿದ ಕೈಗೂಸನ್ನು ಎತ್ತಿಕೊಂಡು. ನೆಟ್ಟಗೆ ನನ್ನ ಹತ್ತಿರ ಬಂದಳು. "ಕೊಟ್ರ, ಇನ್ನೊಂದು ಹೆಬ್ಬೆರಳು ಖಾಲಿ ಐತಲ್ಲ?" ಅಂದಳು. ಅವಳ ಹಿಂದೆ ಮತ್ತೊಬ್ಬಳು, ಅವಳ ಹಿಂದೆ ರುದ್ರಣ್ಣ. "ನಂಗೂ ಒಸಿ ಖಾರ ಇರಲಿ, ನಂದು ಹಾಳು ಕೈ, ಸುಮ್ನಿರಲ್ಲ." ಒಬ್ಬರು ಬಿಟ್ಟು ಇನ್ನೊಬ್ಬರು ಹಿಡಿಯುವ ಸಂದಿನಲ್ಲಿ ಇಡೀ ಚೀಲದ ಉರಿ ನನ್ನ ಬಾಯಿಗೆ ಹಾರಿ ಬರುತ್ತಿತ್ತು. ಕುಣಿದೆ. ಜನ ನಕ್ಕರು, ಅತ್ತರು, ಮಕ್ಕಳು ಅತ್ತವು, ಒಂದರ ಅಳು ಕೇಳಿ ಇನ್ನೊಂದು. ಬಯಲು ತುಂಬ ಹೊಸ ಹೊಸ ದನಿಗಳು. ಶಾಹಿದಾ ಸಿಸ್ಟರ್ ಸೂಜಿ ಬದಲಿಸುತ್ತ ಬದಲಿಸುತ್ತ ಪ್ರತಿ ಅಳುವಿಗೂ, "ಹತ್ತಿತು ಮದ್ದು, ಹತ್ತಿತು" ಅನ್ನುತ್ತಿದ್ದರು. ಸಂಜೆ ಎಲ್ಲರೂ ಹೋದ ಮೇಲೆ ನನ್ನ ಎರಡೂ ಬೆರಳು ನನಗೆ ವಾಪಸ್ಸು ಬಂದವು, ಜೊತೆಗೆ ನಾಲಿಗೆಯೂ ಬಂತು. ಆ ನಾಲಿಗೆಯ ಕಥೆಯನ್ನು ಇಲ್ಲಿ ಹೇಳುವುದು ಬೇಡ. ಮೂರು ದಿನ ಊರಲ್ಲಿ ಯಾವ ಸುದ್ದಿಯೂ ಸಾರಲಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿದಿರಲಿಲ್ಲ. ಜ್ವರ ಬಾಕಿ ಇತ್ತು.

ಮರುದಿನ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಬಾಯಿ ತೆರೆಯಲಾಗದೆ ಮಜ್ಜಿಗೆ ಚೊಂಬು ಹಿಡಿದೇ ಹೋಗಿದ್ದೆ. ಸಿಂಚು ಚಾಪೆಯ ಮೇಲೆ ಮಲಗಿದ್ದಳು. ಕೆನ್ನೆ ಕೆಂಡದಂತೆ ಕೆಂಪು. ತೋಳಿನಲ್ಲಿ ನಿಂಬೆಕಾಯಿಯಷ್ಟು ಊತ. ಅಕ್ಕ ಪಕ್ಕದಲ್ಲಿ ಕೂತಿದ್ದಳು. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿ ಗಂಟು ಹಾಕಿಸಿಕೊಂಡಿದ್ದಳು. ಇಡೀ ರಾತ್ರಿ ಹಾಗೇ ಕೂತಿದ್ದಳಂತೆ. ಈಗ ಗಂಟು ಬಿಚ್ಚಿತ್ತು. ಹಲ್ಲಿನಿಂದ ಬಿಚ್ಚಿರಬೇಕು.

"ಸಾಕು ಕಣೋ" ಅಂದಳು ನನಗೆ. "ಸ್ವಲ್ಪ ಹಿಡೀತೀನಿ. ಪೂರ್ತಿ ಅಲ್ಲ. ಅರ್ಧ. ಅರ್ಧ ಮದ್ದು ಅವಳಿಗಿರಲಿ, ಅರ್ಧ ನೋವು ನನಗೆ ಬರಲಿ."

ಬೇಡ ಎನ್ನಲು ಬಾಯಿ ತೆರೆದೆ. ನಾಲಿಗೆ ಏಳಲಿಲ್ಲ. ಭಾವ ಬಾಗಿಲಲ್ಲಿ ನಿಂತಿದ್ದ, ಅವನೂ ಬೇಡ ಅನ್ನಲಿಲ್ಲ. ನಿಂಗಜ್ಜಿ ಮುಖ ತಿರುಗಿಸಿಕೊಂಡಳು. ತಡೆಯುವವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಅಕ್ಕ ಬಗ್ಗಿದಳು. ಅವಳ ಕೈ ನೀರು ಇಳಿಜಾರಿಗೆ ಹರಿಯುವಷ್ಟು ಸಲೀಸಾಗಿ ಮಗಳ ಕೈಯ ಕಡೆಗೆ ಹೋಯಿತು.

ಸಿಂಚು ಕಣ್ಣು ಬಿಟ್ಟಳು. ಜ್ವರದ ಹೊಳಪಿನ ಕಣ್ಣು. ಬರುತ್ತಿದ್ದ ಕೈಯನ್ನು ನೋಡಿದಳು, ಅವ್ವನ ಮುಖವನ್ನು ನೋಡಿದಳು. ಆಮೇಲೆ ತನ್ನ ಪುಟ್ಟ ಹೆಬ್ಬೆರಳನ್ನು ಮಡಿಸಿ, ಅದರ ಮೇಲೆ ಉಳಿದ ನಾಲ್ಕು ಬೆರಳನ್ನು ಒಂದೊಂದಾಗಿ ಮುಚ್ಚಿ, ಮುಷ್ಟಿಯನ್ನು ಎದೆಗೆ ಒತ್ತಿಕೊಂಡಳು.

"ಹಿಡೀಬ್ಯಾಡ ಅವ್ವ" ಅಂದಳು. "ಇದು ನಂದು."